ಚಿಗವ್ವನ ಮನೆಯಿಂದ ಎಲ್ಲರಿಗೂ ಶರಣು

ನಮ್ಮನ್ನು ಬಿಟ್ಟು ಹೋದ ಚಿಗವ್ವನ ಶಿವಗಣಾರಾಧನೆ ಮೊನ್ನೆ ಮುಗಿಯಿತು. ನೆಂಟರೆಲ್ಲ ತಮ್ಮ ತಮ್ಮ ಊರಿಗೆ ಹೋದರು. ಅವಳಿಗೆ ಏನಾಗಿತ್ತು, ಎಲ್ಲೆಲ್ಲಿ ತೋರಿಸಿದೆವು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ಕೆಲವರಿಗೆ ಎದುರಿಗೆ ನಿಂತು ಹೇಳಲಾಗದ್ದನ್ನು ಇಲ್ಲಿ ಹೇಳಬೇಕಾಗಿದೆ.

ರಕ್ತ ಕೊಟ್ಟ ಹುಡುಗರು, ಹೊತ್ತಲ್ಲದ ಹೊತ್ತಿನಲ್ಲಿ ಆಟೋ ತೆಗೆದವರು, ರಜೆ ಕೇಳಿದಾಗೆಲ್ಲ ಮರುಮಾತಾಡದೆ ಕೊಟ್ಟ ನನ್ನ ಆಫೀಸಿನವರು, ಗದಗ, ಹಾವೇರಿಯಿಂದ ಬಸ್ಸು ಹಿಡಿದು ಮಾತನಾಡಿಸಲು ಬಂದ ಬಂಧುಗಳು, ಒಲೆ ಹಚ್ಚದ ಮನೆಗೆ ಹೊತ್ತು ಹೊತ್ತಿಗೆ ಬುತ್ತಿ ತಂದ ಓಣಿಯವರು, ಎಲ್ಲರಿಗೂ ಶರಣು ಶರಣಾರ್ಥಿ.

ಅವಳನ್ನು ಅಷ್ಟಾಗಿ ಬಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಅವಳು ನಮ್ಮ ಕಾಕಾನ ಹೆಂಡತಿ. ತವರು ಬ್ಯಾಡಗಿ ಹತ್ತಿರದ ಹಳ್ಳಿ. ಓದಿದ್ದು ಏಳನೇ ಇಯತ್ತೆ. ನನ್ನ ಅವ್ವ ತೀರಿಕೊಂಡಾಗ ನಾನು ಸಣ್ಣವನು. ಆಮೇಲೆ ನನಗೆ ಉಣಿಸಿದ್ದು, ಬೈದದ್ದು, ಶಾಲೆಗೆ ಅಟ್ಟಿದ್ದು ಎಲ್ಲ ಅವಳೇ. ಹಳೇ ಹುಬ್ಬಳ್ಳಿಯ ಆ ಮನೆ ಬಿಟ್ಟು ಅವಳು ಹೊರಗೆ ಕೆಲಸ ಮಾಡಿದವಳಲ್ಲ. ಆದರೆ ಓಣಿಯ ಯಾವ ಕೆಲಸವೂ ಅವಳ ಬಾಯಿಗೆ ಸಿಗದೆ ಮುಂದೆ ಹೋಗುತ್ತಿರಲಿಲ್ಲ.

ನಮ್ಮೂರಿನ ನೀರಿನ ಪಾಡು ನಿಮಗೆ ಹೇಳಬೇಕಾಗಿಲ್ಲ. ಸವದತ್ತಿ ಕಡೆಯಿಂದ ಮಲಪ್ರಭೆ ನೀರು ಬರಬೇಕು, ನಮ್ಮ ಸರದಿ ಬರಬೇಕು, ಆಮೇಲೆ ನಳ ಬರಬೇಕು. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬರತೊಡಗಿತು. ನಮ್ಮ ಓಣಿ ಅದರಲ್ಲಿ ಇರಲಿಲ್ಲ. ನಮಗೆ ವಾರಕ್ಕೊಮ್ಮೆ, ಅದೂ ಬಹಳ ಸಲ ನಡುರಾತ್ರಿ. ಮೊದಲು ನಳದಲ್ಲಿ ಗಾಳಿ ಬುಸುಗುಡುತ್ತದೆ ಅಲ್ವಾ, ಆ ಸಪ್ಪಳಕ್ಕೇ ಚಿಗವ್ವ ಏಳುತ್ತಿದ್ದಳು. ತನ್ನ ಕೊಡ ಹಚ್ಚುವ ಮೊದಲು ಓಣಿಯ ಈ ತುದಿಯಿಂದ ಆ ತುದಿವರೆಗೆ ಬಾಗಿಲು ಬಡಿಯುತ್ತ ಹೋಗುತ್ತಿದ್ದಳು. "ನಳಾ ಬಂತು, ಏಳ್ರೀ! ನಿದ್ದಿ ನಾಳೆ ಮಾಡಾಕ ಬರ್ತೈತಿ." ಮುನಿಸಿಕೊಂಡು ಮಾತು ಬಿಟ್ಟವರ ಬಾಗಿಲನ್ನೂ ಬಡಿಯುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿದ್ದಾಗ ಒಂದು ರಾತ್ರಿ ನಳ ಬಂದು ಹೋಯಿತಂತೆ, ಅರ್ಧ ಓಣಿಗೆ ಗೊತ್ತೇ ಆಗಲಿಲ್ಲವಂತೆ. ಅದನ್ನು ಕೇಳಿದಾಗಲೇ ನನಗೆ ಎದೆ ಒಡೆದಂತಾಯಿತು.

ನನ್ನ ಮದುವೆಯ ಮಾತುಕತೆಯಲ್ಲಿ ಹಿರಿಯರೊಬ್ಬರು ನನ್ನ ಪಗಾರವನ್ನು ಸ್ವಲ್ಪ ಜಾಸ್ತಿ ಮಾಡಿಯೇ ಹೇಳಿದರು. ಒಳಗೆ ಚಹಾ ಸೋಸುತ್ತಿದ್ದ ಚಿಗವ್ವ ಸೋಸಣಿಗೆ ಕೈಯಲ್ಲಿ ಹಿಡಿದೇ ಹೊರಗೆ ಬಂದಳು. "ಅಷ್ಟಿಲ್ರಿ. ಕೈಗೆ ಬರೂದು ಇಷ್ಟ. ನಾಳೆ ನಮ್ಮನ್ನ ಬೈಬ್ಯಾಡ್ರಿ." ಎಲ್ಲರೂ ಗಪ್ಪಾದರು. ಆ ಮನೆಯವರು ಒಪ್ಪಿದ್ದೇ ಆ ಮಾತಿನ ಮೇಲೆ ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಈ ಮನೆಯಲ್ಲಿ ಸುಳ್ಳು ಹೇಳಲು ಬಿಡದ ಒಬ್ಬಳಾದರೂ ಇದ್ದಾಳಲ್ಲ ಎಂದು ನನ್ನ ಮಾವನವರು ಅಂದಿದ್ದರಂತೆ.

ಇನ್ನು ರೊಟ್ಟಿ ಅಕ್ಕನ ಮಾತು. ಓಣಿಯಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ.

ಅಕ್ಕನ ಗಂಡ ತೀರಿಕೊಂಡ ವರ್ಷ, ಮನೆಯವರು ಒಂದು ಕಾಗದ ತಂದು ಸಹಿ ಮಾಡೆಂದು ಕೂತಿದ್ದರು. ಅಕ್ಕ ಪೆನ್ನು ಹಿಡಿದಿದ್ದರು. ಏನೋ ಕೇಳಲು ಹೋಗಿದ್ದ ಚಿಗವ್ವ ಆ ಕಾಗದ ತೆಗೆದುಕೊಂಡು ಎಲ್ಲರೆದುರಿಗೇ ಗಟ್ಟಿಯಾಗಿ ಓದಿದಳು. ಮನೆಯಲ್ಲಿ ತನಗೆ ಪಾಲು ಬೇಡ ಎಂದು ಅಕ್ಕನ ಹೆಸರಿನಲ್ಲಿ ಬರೆದಿತ್ತು. "ಓದಿ ಆತಲ್ಲ, ಇನ್ನ ಮಡಚಿ ಇಡ್ರಿ. ಆಕಿ ಸಹಿ ಮಾಡಂಗಿಲ್ಲ" ಅಂದಳು. ಮುಂದಿನ ವಾರ ತನ್ನ ಹಂಚು ಕೊಟ್ಟು, ಮೊದಲ ಚೀಲ ಮಾಲದಂಡಿ ಜೋಳ ಉದ್ರಿ ಕೊಡಿಸಿ, ಅಕ್ಕನನ್ನು ರೊಟ್ಟಿ ಬಡಿಯಲು ಕೂರಿಸಿದಳು. ಇವತ್ತು ಆ ಮನೆಯಿಂದ ಖಾನಾವಳಿಗಳಿಗೆ, ಮದುವೆಗಳಿಗೆ ರೊಟ್ಟಿ ಹೋಗುತ್ತದೆ. ಅಕ್ಕ ಮಾತ್ರ ಮೊದಲಿನಂತೆಯೇ ಮೆತ್ತಗಿನವರು. ಎರಡು ಮಾತು ಕೇಳಿದರೆ ಒಂದಕ್ಕೆ ಉತ್ತರ, ಅದೂ ತಲೆ ತಗ್ಗಿಸಿಕೊಂಡು.

ಚಿಗವ್ವ ಆಸ್ಪತ್ರೆಯಲ್ಲಿದ್ದಾಗಿನ ಒಂದು ರಾತ್ರಿ, ನನ್ನ ಹೆಂಡತಿ ಜ್ವರದಿಂದ ಮಲಗಿದ್ದಳು. ಚಿಗವ್ವನ ಮಗಳಿಗೆ ದಿನ ತುಂಬಿತ್ತು, ಪ್ರಯಾಣ ಮಾಡಬಾರದು ಎಂದು ಡಾಕ್ಟರು ಹೇಳಿದ್ದರು. ಹೆಣ್ಣುಮಕ್ಕಳ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲ. ಚಿಗವ್ವನ ಮಾತು ನಿಂತು ಹೋಗಿತ್ತು. ಕಣ್ಣು ಮಾತ್ರ ಎಲ್ಲರನ್ನೂ ಹಿಂಬಾಲಿಸುತ್ತಿತ್ತು. ಅವಳನ್ನು ಒಬ್ಬಳನ್ನೇ ಹೇಗೆ ಬಿಡುವುದು ಎಂದು ಬಾಗಿಲಲ್ಲಿ ನಿಂತಿದ್ದೆ. ಬಗಲಲ್ಲಿ ಕೌದಿ ಇಟ್ಟುಕೊಂಡು ರೊಟ್ಟಿ ಅಕ್ಕ ಬಂದರು. ಮರುದಿನ ಮದುವೆ ಮನೆಗೆ ರೊಟ್ಟಿ ಕೊಡಬೇಕಿತ್ತು. ಅದನ್ನು ಬೇರೆಯವರಿಗೆ ವಹಿಸಿ ಬಂದಿದ್ದರು. ಅದೂ ನನಗೆ ಆಮೇಲೆ ಬೇರೆಯವರಿಂದ ಗೊತ್ತಾಯಿತು. "ತಮ್ಮಾ, ನೀ ಹೊರಗ ಕೂಡು. ಒಳಗ ನಾ ಅದೀನಿ" ಅಂದರು, ಅಷ್ಟೇ.

ಚಿಗವ್ವನಿಗೆ ಸುಮ್ನೆ ಕೂರುವವರನ್ನು ಕಂಡರೆ ಆಗುತ್ತಿರಲಿಲ್ಲ. ಅದು ಅಕ್ಕನಿಗೆ ಗೊತ್ತಿತ್ತು. ಬಾಗಿಲಿನ ಸಂದಿಯಿಂದ ನನಗೆ ಕೇಳಿಸುತ್ತಿತ್ತು. ಅರಿವೆ ಅದ್ದಿ ಅವಳ ತುಟಿ ಒರೆಸುತ್ತ ಅಕ್ಕ ಓಣಿಯ ಸುದ್ದಿಯೆಲ್ಲ ಹೇಳುತ್ತಿದ್ದರು. ಯಾರ ಎಮ್ಮೆ ಈಯಿತು, ಯಾರ ಮಗ ಬೆಂಗಳೂರಿಗೆ ಹೋದ, ಈ ಸಲದ ಹಿಟ್ಟಿಗೆ ಜಿಗಿ ಇಲ್ಲದೆ ರೊಟ್ಟಿ ಹೇಗೆ ಹರಿಯುತ್ತಿವೆ. ಅಷ್ಟು ಮಾತನ್ನು ಅವರ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ.

ಮೂರು ಗಂಟೆ ಸುಮಾರಿಗೆ ನೋವು ಏರಿತು. ಚಿಗವ್ವ ಕೂಗಲಾರಳು. ಅಕ್ಕ ಎದ್ದು ಹೋಗಿ ಡ್ಯೂಟಿಯವರನ್ನು ಕರೆದರು. ಬರ್ತೀವಿ ಅಂದರು, ಬರಲಿಲ್ಲ. ಮತ್ತೆ ಹೋದರು. ಮೂರನೇ ಸಲ ಅಕ್ಕ ವಾರ್ಡಿನ ನಡುವೆ ನಿಂತು ಕೂಗಿದ್ದು ನನಗೆ ಕೆಳಗಿನ ಮೆಟ್ಟಿಲಿನವರೆಗೂ ಕೇಳಿಸಿತು. "ಯಾರರ ಬರ್ರಿ ಇಲ್ಲೆ! ಈಕಿ ಬಾಯಿ ಇಲ್ಲದಾಕಿ ಅಲ್ರಿ, ಇವತ್ತ ಬಾಯಿ ನಿಂತೈತಿ ಅಷ್ಟ!"

ಆಗ ಬಂದರು. ಇಂಜೆಕ್ಷನ್ ಕೊಟ್ಟರು. ಚಿಗವ್ವ ನಿದ್ದೆ ಹೋದಳು.

ನನಗೆ ಇನ್ನೂ ಸಿಟ್ಟಿದೆ. ಇಷ್ಟು ದಿನವಾದರೂ ಇಳಿದಿಲ್ಲ. ನೋವಿನ ಮದ್ದು ಕೊಡಿಸಲು ಒಬ್ಬರು ಕಿರುಚಬೇಕಾ? ಆ ವಾರ್ಡಿನಲ್ಲಿ ಪಕ್ಕದ ಮಂಚದ ಅಜ್ಜಿಯ ಹತ್ತಿರ ಯಾರೂ ಇರಲಿಲ್ಲ. ಅವಳ ಪರವಾಗಿ ಯಾರು ಕೂಗಬೇಕಿತ್ತು? ಚಿಗವ್ವ ಸರಿ ಇದ್ದಿದ್ದರೆ ತನ್ನ ನೋವು ಬಿಟ್ಟು ಆ ಅಜ್ಜಿಗಾಗಿ ಜಗಳ ತೆಗೆಯುತ್ತಿದ್ದಳು. ಬೆಳಗಿನವರೆಗೆ ಅಕ್ಕ ಆ ಅಜ್ಜಿಗೂ ನೀರು ಕುಡಿಸಿದರು, ಹೊದಿಸಿದರು. ಆ ಮೇಲೆ ತಾಸಿಗೊಮ್ಮೆ ಬಂದು ನೋಡಿದ ಚಿಕ್ಕ ವಯಸ್ಸಿನ ಸಿಸ್ಟರ್ ಒಬ್ಬರಿದ್ದರು. ಅವರಿಗೂ ನಾನು ಋಣಿ.

ಬೆಳಗಾದ ಮೇಲೆ ಅಕ್ಕ ಹೊರಗೆ ಬಂದು "ಚಾ ಕುಡಿಯೋಣ ಬಾ" ಅಂದರು. ಚಹಾದಂಗಡಿ ಎದುರಿಗೆ ನಾನು ಅತ್ತುಬಿಟ್ಟೆ. ಅಕ್ಕ ಸಮಾಧಾನ ಹೇಳಲಿಲ್ಲ. ಕಪ್ಪು ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಅಳು ನಿಂತ ಮೇಲೆ, "ಜೋರ ಮಾತಾಡಿದ್ನೇನೋ ತಮ್ಮಾ?" ಎಂದು ಕೇಳಿದರು.

ಅಕ್ಕಾ, ಇಲ್ಲ. ಅವತ್ತು ನೀವು ಮಾತಾಡಿದ್ದಕ್ಕೇ ಅವಳು ನಿದ್ದೆ ಮಾಡಿದಳು. ಮಣ್ಣಿಗೆ ಬಂದವರೆಲ್ಲ ನಿಮ್ಮ ಬಗ್ಗೆ ಕೇಳಿದರು. ನಾನು ಎಲ್ಲರಿಗೂ ಇದನ್ನೇ ಹೇಳಿದೆ.

ಚಿಗವ್ವನ ಮಗಳಿಗೆ ಹೆರಿಗೆಯಾಗಿದೆ. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಅವಳು ಬಂದಾಗ ಅಕ್ಕನ ಮನೆಗೆ ಮೊದಲು ಹೋಗುತ್ತೇನೆ ಎಂದಿದ್ದಾಳೆ.

ಇನ್ನೊಂದು ಮಾತು, ಓಣಿಯವರಿಗೆ. ನೀವು ಬುತ್ತಿ ತಂದ ಡಬ್ಬಿಗಳೆಲ್ಲ ನಮ್ಮ ಮನೆಯಲ್ಲೇ ಇವೆ. ಈ ಬೇಸಿಗೆಯಲ್ಲಿ ಚಿಗವ್ವ ಮಸಾಲಿ ಖಾರ ಮಾಡಿಟ್ಟಿದ್ದಳು. ಪ್ರತಿ ವರ್ಷ ಬ್ಯಾಡಗಿಯಿಂದಲೇ ಮೆಣಸಿನಕಾಯಿ ತರಿಸುತ್ತಿದ್ದಳು. ಮಾಳಿಗೆಯ ಮೇಲೆ ಒಣಗಿಸಿ, ತುಂಬು ಬಿಡಿಸಿ, ಗಿರಣಿಯಲ್ಲಿ ಪಾಳಿ ಹಚ್ಚಿ, ಎದುರಿಗೇ ನಿಂತು ಬೀಸಿಸುತ್ತಿದ್ದಳು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಅದರ ಪ್ರಮಾಣ ಅವಳೊಬ್ಬಳಿಗೇ ಗೊತ್ತಿತ್ತು. ಖಾಲಿ ಡಬ್ಬಿ ವಾಪಸ್ಸು ಕೊಡುವ ರೂಢಿ ಈ ಮನೆಯಲ್ಲಿ ಇಲ್ಲ. ಹಾಗಾಗಿ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಖಾರ ಹಾಕಿಟ್ಟಿದ್ದೇವೆ. ಸಂಜೆ ಆರರ ಮೇಲೆ ಯಾರಾದರೂ ಮನೆಯಲ್ಲಿ ಇದ್ದೇ ಇರುತ್ತೇವೆ. ಬಂದು ತೆಗೆದುಕೊಂಡು ಹೋಗಿ.