ಮಗಳಿಗೊಂದು ಪತ್ರ: ಟೊರೊಂಟೊದ ಬೇಸಿಗೆಗೆ

ಚಿ. ಮಗಳಿಗೆ,

ಅಮ್ಮನ ಆಶೀರ್ವಾದಗಳು. ಪರೀಕ್ಷೆ ಮುಗಿಯಿತು, ಟೊರೊಂಟೊದಲ್ಲಿ ಒಳ್ಳೆಯ ಬಿಸಿಲು ಬಂದಿದೆ, ಊರು ನೋಡಲು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೆ. ಸಿಎನ್ ಗೋಪುರದಿಂದ ಬೇಡ. 553 ಮೀಟರ್ ಎತ್ತರದ ಅದು ನೀನು ಎಲ್ಲಿ ತಿರುಗಿದರೂ ಆಗಾಗ ಕಣ್ಣಿಗೆ ಬೀಳುತ್ತಲೇ ಇರುತ್ತದೆ. 2021ರ ಜನಗಣತಿಯ ಪ್ರಕಾರ ಆ ನಗರದ ಸುಮಾರು ಅರ್ಧದಷ್ಟು ಜನ ಕೆನಡಾದ ಹೊರಗೆ ಹುಟ್ಟಿದವರು. ಅವರು ಎಲ್ಲೆಲ್ಲಿ ನೆಲೆ ನಿಂತರು ಎಂಬುದನ್ನು ನೋಡದೆ ಟೊರೊಂಟೊ ನೋಡಿದೆ ಎನ್ನುವ ಹಾಗಿಲ್ಲ. ಅದಕ್ಕೆ 506ನೇ ಸ್ಟ್ರೀಟ್‌ಕಾರ್, ಅಂದರೆ ರಸ್ತೆಯ ಹಳಿಯ ಮೇಲೆ ಓಡುವ ಟ್ರಾಮ್, ಹತ್ತು.

ಪಶ್ಚಿಮದಲ್ಲಿ ಹೈ ಪಾರ್ಕಿನಿಂದ ಹೊರಡುತ್ತದೆ. 1959ರಲ್ಲಿ ಟೋಕಿಯೊ ಜನ ಕೊಟ್ಟ ಚೆರ್ರಿ ಮರಗಳು ಅಲ್ಲಿವೆ. ಹೂವಿನ ಕಾಲ ಮುಗಿದಿದೆ, ನೆರಳು ಇದೆ. ಟಿಕೆಟ್ ಬದಲು ಬಳಸುವ ಪ್ರೆಸ್ಟೊ ಕಾರ್ಡ್ ಒಮ್ಮೆ ತಾಗಿಸಿದರೆ ಎರಡು ಗಂಟೆ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು, ಬಂದ ದಿಕ್ಕಿಗೇ ವಾಪಸ್ ಹೋಗಬಹುದು. ಆದರೂ ಆ ಎರಡು ಗಂಟೆಯ ಲೆಕ್ಕ ಹಾಕುತ್ತಾ ಓಡಬೇಡ. ಇನ್ನೊಂದು ಸಲ ದುಡ್ಡು ಕೊಟ್ಟರೆ ಏನೂ ನಷ್ಟವಿಲ್ಲ.

ಲಿಟಲ್ ಇಟಲಿ ದಾಟಿ ಸ್ಪಡೈನಾದಲ್ಲಿ ಇಳಿದರೆ ಕೆನ್ಸಿಂಗ್ಟನ್ ಮಾರ್ಕೆಟ್ ಕೂಗಳತೆಯಲ್ಲಿದೆ. ಇಲ್ಲಿ ಅರ್ಧ ದಿನ ಇರು ಎಂದೇ ಹೇಳುತ್ತೇನೆ. ಅಂಗಡಿಗಳನ್ನು ನೋಡುವ ಮೊದಲು ಅವುಗಳ ಹಿಂದಿರುವ ಮನೆಗಳನ್ನು ನೋಡು. ಮೇಲೆ ಚೂಪು ಮಾಡಿನ ಹಳೆಯ ಕಿರಿದಾದ ಮನೆ, ಅದರ ಮುಂದಿನ ಅಂಗಳಕ್ಕೇ ಸೂರು ಎಳೆದು ಮಾಡಿದ ಅಂಗಡಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪೂರ್ವ ಯುರೋಪಿನಿಂದ ಬಂದ ಯಹೂದಿಗಳು ಮನೆಯ ಮುಂದೆಯೇ ವ್ಯಾಪಾರ ಶುರು ಮಾಡಿದ್ದರ ಗುರುತು ಅದು. ಅವರ ಎರಡು ಸಿನಗಾಗ್‌ಗಳು, ಅಂದರೆ ಪ್ರಾರ್ಥನಾ ಮಂದಿರಗಳು, ಇಂದಿಗೂ ನಿಂತಿವೆ. ಅವರ ನಂತರ ಪೋರ್ಚುಗೀಸರು, ಕೆರಿಬಿಯನ್ನರು, ಚೀನೀಯರು, ಲ್ಯಾಟಿನ್ ಅಮೆರಿಕದವರು ಅದೇ ಅಂಗಳಗಳಲ್ಲಿ ತಮ್ಮ ತಮ್ಮ ಸರಕು ಹರಡಿದರು. ಒಬ್ಬರು ಕಟ್ಟಿದ್ದನ್ನು ಕೆಡವದೆ ಇನ್ನೊಬ್ಬರು ಬಂದು ಬಾಳಿದ ಕೇರಿ ಅದು. ನನಗೆ ಇಡೀ ಊರಿನಲ್ಲಿ ಅದಕ್ಕಿಂತ ಇಷ್ಟವಾದ ಜಾಗ ಇನ್ನೊಂದಿಲ್ಲ. ಬೇಸಿಗೆಯಲ್ಲಿ ತಿಂಗಳ ಕೊನೆಯ ಭಾನುವಾರ ವಾಹನ ಬಿಡುವುದಿಲ್ಲ, ಬೀದಿಯಲ್ಲೇ ವಾದ್ಯ, ಕುಣಿತ. ಸಾಧ್ಯವಾದರೆ ಆ ದಿನವೇ ಹೋಗು.

ಮತ್ತೆ ಹತ್ತಿ ಪೂರ್ವಕ್ಕೆ ಹೊರಟರೆ ಆಲನ್ ಗಾರ್ಡನ್ಸ್ ಸಿಗುತ್ತದೆ. 1910ರ ಗಾಜಿನ ಗುಮ್ಮಟದ ಸಸ್ಯಮನೆ, ಪ್ರವೇಶ ಉಚಿತ. ಡಾನ್ ನದಿ ದಾಟಿದ ಮೇಲೆ ಬ್ರಾಡ್‌ವ್ಯೂ ಬಳಿ ಚೈನಾಟೌನ್, ಅಂದರೆ ಚೀನೀಯರ ಕೇರಿ, ಬರುತ್ತದೆ. ಸ್ಪಡೈನಾದ್ದು ಒಂದು, ಇದು ಇನ್ನೊಂದು. ಎರಡು ಏಕೆ ಎಂದರೆ, ಮೊದಲಿನ ಚೈನಾಟೌನಿನ ಬಹುಭಾಗವನ್ನು 1965ರಲ್ಲಿ ತೆರೆದ ಹೊಸ ನಗರಸಭಾ ಕಟ್ಟಡಕ್ಕಾಗಿ ಕೆಡವಿದರು. ಜನ ಸ್ಪಡೈನಾ ಕಡೆಗೆ ಸರಿದರು, ಅಲ್ಲಿ ಬಾಡಿಗೆ ಏರಿದಾಗ ಕೆಲವರು ಇತ್ತ ಬಂದರು. ಇನ್ನೂ ಮುಂದೆ ಜೆರಾರ್ಡ್ ರಸ್ತೆಯಲ್ಲಿ 1972ರಲ್ಲಿ ಒಂದು ಚಿತ್ರಮಂದಿರ ಹಿಂದಿ ಚಿತ್ರ ಹಾಕತೊಡಗಿತು. ಸಿನಿಮಾಕ್ಕೆ ಬಂದವರನ್ನು ನೆಚ್ಚಿ ಸೀರೆ ಅಂಗಡಿ, ತಿಂಡಿ ಅಂಗಡಿ ಎದ್ದವು. ಇವತ್ತಿನ ಲಿಟಲ್ ಇಂಡಿಯಾ ಬೆಳೆದದ್ದು ಹಾಗೆ.

ಊರಿನೆದುರು ಸರೋವರದಲ್ಲಿರುವ ದ್ವೀಪಗಳಿಗೆ ಬೇರೆಯೇ ಒಂದು ದಿನ ಇಟ್ಟುಕೋ. ಬೇ ಸ್ಟ್ರೀಟಿನ ತುದಿಯಿಂದ ದೋಣಿ ಹೊರಡುತ್ತದೆ, ಕಾಲು ಗಂಟೆಯ ಹಾದಿ. ವಾರಾಂತ್ಯದ ಮಧ್ಯಾಹ್ನ ಸಾಲು ಉದ್ದವಿರುತ್ತದೆ, ಬೆಳಿಗ್ಗೆಯೇ ಹೋಗು. ಎಲ್ಲರೂ ಸೆಂಟರ್ ಐಲೆಂಡಿಗೆ ಹೋದರೆ ನೀನು ವಾರ್ಡ್ಸ್ ಐಲೆಂಡಿನ ದೋಣಿ ಹಿಡಿ. ಅಲ್ಲಿ ಈಗಲೂ ಜನ ಪುಟ್ಟ ಮನೆಗಳಲ್ಲಿ ವಾಸವಿದ್ದಾರೆ. ಅವರಿಗೆ ಕಾರಿಲ್ಲ, ಸೈಕಲ್ಲು ಮತ್ತು ತಳ್ಳುಗಾಡಿಗಳೇ. ಬೇಲಿಯ ಮೇಲೆ ಬಾಗಿದ ಹೂವಿನ ನಡುವೆ ನಡೆಯುವ ಓಣಿಗಳವು, ಮನೆಗಳೊಳಗೆ ಇಣುಕಬೇಡ. ಕಾಲು ನೋಯದಿದ್ದರೆ ಪಶ್ಚಿಮಕ್ಕೆ ನಡೆದು 1808ರ ದೀಪಸ್ತಂಭದವರೆಗೂ ಹೋಗು. ಗಾಳಿ ಎಷ್ಟೇ ಬೆಚ್ಚಗಿದ್ದರೂ ಜೂನಿನಲ್ಲಿ ಒಂಟಾರಿಯೊ ಸರೋವರದ ನೀರು ಕೊರೆಯುತ್ತದೆ. ಈಜುವುದನ್ನು ಜುಲೈ ಕೊನೆಗೆ ಇಟ್ಟುಕೋ ಮಗಳೇ, ಇದೊಂದು ಮಾತು ಕೇಳು.

ಆಗಸ್ಟ್ ಆರಂಭದ ಕೆರಿಬಿಯನ್ ಮೆರವಣಿಗೆಯನ್ನು ತಪ್ಪಿಸಿಕೊಳ್ಳಬೇಡ. ಕೆನಡಾಕ್ಕೆ ನೂರು ತುಂಬಿದ 1967ರಲ್ಲಿ ಕೆರಿಬಿಯನ್ ಸಮುದಾಯ ಶುರು ಮಾಡಿದ ಹಬ್ಬ ಅದು.

ಟೋಪಿ, ನೀರಿನ ಬಾಟಲಿ ಮರೆಯಬೇಡ. ಜೂನಿನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಊಟದ ಹೊತ್ತು ಮೀರಿದ್ದೇ ತಿಳಿಯುವುದಿಲ್ಲ. ಸೇಂಟ್ ಲಾರೆನ್ಸ್ ಮಾರ್ಕೆಟಿಗೆ ಮಾತ್ರ ಸೋಮವಾರ ಹೋಗಬೇಡ, ಮುಚ್ಚಿರುತ್ತದೆ.

ಇತಿ ನಿನ್ನ ಪ್ರೀತಿಯ,
ಅಮ್ಮ