ಸೈಟ್ ಹ್ಯಾಕ್ ಆಗಿದೆ ಅನ್ನುವ ಮುಂಚೆ

ಮಾನ್ಯ ಸಂಪಾದಕರೇ,

ನಮ್ಮೂರ ಕಡೆಯ ಶಾಲೆಯೊಂದರ ವೆಬ್‌ಸೈಟ್ ತೆರೆದರೆ ಬಟ್ಟೆ ಅಂಗಡಿಯ ಆಫರ್ ಕಾಣಿಸುತ್ತಿದೆ ಎಂದು ಇತ್ತೀಚೆಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಭಾರಿ ಗದ್ದಲ. ಹ್ಯಾಕ್ ಆಗಿದೆ, ಮಕ್ಕಳ ಮಾಹಿತಿಯೆಲ್ಲ ಹೋಯಿತು ಅಂತ ಒಬ್ಬರು. ಪೊಲೀಸರಿಗೆ ದೂರು ಕೊಡಿ ಅಂತ ಇನ್ನೊಬ್ಬರು. ಸಣ್ಣಪುಟ್ಟ ಸಂಸ್ಥೆಗಳ ಸರ್ವರ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಈ ಸರ್ವರ್ ನನ್ನ ಕೈಯಲ್ಲಿರಲಿಲ್ಲ, ಶಾಲೆಯವರು ಕರೆದು ತೋರಿಸಿದರು. ಯಾರೂ ಏನೂ ಕದ್ದಿರಲಿಲ್ಲ.

ಕಡಿಮೆ ದುಡ್ಡಿನ ಹೋಸ್ಟಿಂಗ್‌ನಲ್ಲಿ ಎಷ್ಟೋ ಸೈಟ್‌ಗಳು ಒಂದೇ ಐಪಿ ವಿಳಾಸದಲ್ಲಿ (ಇಂಟರ್ನೆಟ್‌ನಲ್ಲಿ ಸರ್ವರ್‌ನ ನಂಬರು) ಇರುತ್ತವೆ. ತಪ್ಪೇನಿಲ್ಲ. ಎಲ್ಲಕ್ಕೂ ಮುಂದೆ ಎಂಜಿನ್‌ಎಕ್ಸ್‌ನಂಥ ಒಂದು ರಿವರ್ಸ್ ಪ್ರಾಕ್ಸಿ, ಕಾಂಪ್ಲೆಕ್ಸ್ ಬಾಗಿಲಲ್ಲಿ ಕೂತ ವಾಚ್‌ಮನ್ ಹಾಗೆ. ಬಂದವರು ಯಾವ ಹೆಸರು ಕೇಳಿದರು ಎಂದು ನೋಡಿ ಅಲ್ಲಿಗೆ ಕಳಿಸುತ್ತದೆ. ಕೇಳಿದ ಹೆಸರು ಪಟ್ಟಿಯಲ್ಲೇ ಇಲ್ಲದಿದ್ದರೆ? ಇಲ್ಲ ಅನ್ನುವುದಿಲ್ಲ. ನಾವು ಬೇರೆ ಹೇಳಿರದಿದ್ದರೆ, ಆ ಪೋರ್ಟ್‌ನಲ್ಲಿ (ಸರ್ವರ್‌ನ ನಂಬರ್ ಹಾಕಿದ ಬಾಗಿಲು) ಮೊದಲು ಸಿಕ್ಕ ಸೈಟನ್ನೇ ತೋರಿಸಿಬಿಡುತ್ತದೆ.

ಆದದ್ದು ಅಷ್ಟೇ. ಶಾಲೆಯ ಎಸ್‌ಎಸ್‌ಎಲ್ ಸರ್ಟಿಫಿಕೇಟ್ (ಸೈಟ್ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಗುರುತಿನ ಚೀಟಿ) ಅವಧಿ ಮುಗಿದಿತ್ತು. ನೋಡಿಕೊಳ್ಳುವವರು ಅದನ್ನು ರಿನ್ಯೂ ಮಾಡುವ ಬದಲು ಕಾನ್ಫಿಗರೇಷನ್ ಫೈಲಿನಲ್ಲಿ 443ನೇ ಪೋರ್ಟ್‌ನ, ಅಂದರೆ ಸುರಕ್ಷಿತ https ಬಾಗಿಲಿನ, ಸಾಲುಗಳಿಗೆಲ್ಲ ಹ್ಯಾಷ್ (#) ಗುರುತು ಹಾಕಿ ಅವು ಕೆಲಸ ಮಾಡದಂತೆ ಮಾಡಿ ಸುಮ್ಮನಾಗಿದ್ದರು. 80ರಲ್ಲಿ, ಅಂದರೆ ಬರೀ http ಬಾಗಿಲಲ್ಲಿ, ಸೈಟ್ ಬರ್ತಿದೆಯಲ್ಲ, ಸಾಕು ಅಂದುಕೊಂಡಿರಬೇಕು. ಈಗಿನ ಬ್ರೌಸರ್‌ಗಳು ಸಾಮಾನ್ಯವಾಗಿ ಮೊದಲು ತಟ್ಟುವುದೇ 443ನ್ನು. ಅಲ್ಲಿ ಶಾಲೆಯ ಹೆಸರಿಲ್ಲ. ಸೈಟ್‌ಗಳ ಫೈಲುಗಳನ್ನು ಎಂಜಿನ್‌ಎಕ್ಸ್ ಓದುವುದು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ. ಅದೇ ಸರ್ವರ್‌ನಲ್ಲಿದ್ದ ಬಟ್ಟೆ ಅಂಗಡಿಯ ಹೆಸರು 'ಎ'ಯಿಂದ ಶುರು, ಅದೇ ಮೊದಲು ಸಿಕ್ಕಿತು! ಬ್ರೌಸರ್ ಕೆಂಪು ಎಚ್ಚರಿಕೆ ಕೊಟ್ಟೇ ಇತ್ತು. ಆದರೆ ಪರೀಕ್ಷೆ ವೇಳಾಪಟ್ಟಿ ಬೇಕಲ್ವಾ, ಪೋಷಕರು ಅದನ್ನೂ ದಾಟಿ ಒಳಗೆ ಹೋಗಿದ್ದರು.

ಪಟ್ಟಿಯಲ್ಲಿಲ್ಲದ ಹೆಸರುಗಳಿಗೆಂದೇ ಒಂದು ಡೀಫಾಲ್ಟ್ ಸರ್ವರ್ ಬ್ಲಾಕ್ ಬರೆದಿದ್ದರೆ ಇದು ಆಗುತ್ತಿರಲಿಲ್ಲ. 80ರಲ್ಲಿ 444 ಅಂತ ಬರೆದರೆ ಉತ್ತರವನ್ನೇ ಕೊಡದೆ ಸಂಪರ್ಕ ಮುಚ್ಚುತ್ತದೆ. 443ರಲ್ಲಿ ಹ್ಯಾಂಡ್‌ಶೇಕನ್ನೇ (ಸುರಕ್ಷಿತ ಸಂಪರ್ಕದ ಮೊದಲ ಕೈಕುಲುಕು) ನಿರಾಕರಿಸುವ ಸೌಲಭ್ಯ 2020ರಿಂದಲೇ ಇದೆ. ನಾಲ್ಕಾರು ಸಾಲಿನ ಕೆಲಸ.

ಅದೇ ಯಂತ್ರದಲ್ಲಿ ಇನ್ನೊಂದು ಎಡವಟ್ಟೂ ಕಂಡಿತು. ಪ್ರಾಕ್ಸಿ ಹಿಂದಿರುವ ಶಾಲೆಯ ಲಾಗಿನ್ ಪುಟಕ್ಕೆ ಎಲ್ಲರೂ 127.0.0.1 ಎಂಬ ಒಂದೇ ವಿಳಾಸದಿಂದ, ಅಂದರೆ ಆ ಯಂತ್ರದ ಒಳಗಿನಿಂದಲೇ, ಬಂದಂತೆ ಕಾಣುತ್ತಿತ್ತು. ಯಾರೋ ಒಬ್ಬ ಹುಡುಗ ಪದೇಪದೇ ತಪ್ಪು ಪಾಸ್‌ವರ್ಡ್ ಹೊಡೆದರೆ ಆ ವಿಳಾಸ ಬ್ಲಾಕ್. ಅಲ್ಲಿಗೆ ಹೆಡ್‌ಮಾಸ್ಟರೂ ಹೊರಗೆ! ಬಂದವರ ನಿಜವಾದ ವಿಳಾಸವನ್ನು ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್‌ನಲ್ಲಿ (ಕೋರಿಕೆಯ ಜೊತೆ ಹೋಗುವ ಚೀಟಿ) ಪ್ರಾಕ್ಸಿ ದಾಟಿಸಬೇಕು. ಆ ಹೆಡರ್ ನಮ್ಮ ಪ್ರಾಕ್ಸಿಯಿಂದ ಬಂದರೆ ಮಾತ್ರ ನಂಬು ಎಂದು ಒಳಗಿನ ಪ್ರೋಗ್ರಾಮಿಗೂ ಹೇಳಿರಬೇಕು. ಎರಡೂ ಆಗಿರಲಿಲ್ಲ.

ಸರ್ಟಿಫಿಕೇಟ್‌ಗೆ ದುಡ್ಡಿಲ್ಲ ಅನ್ನುವ ಮಾತು ಈಗ ನಡೆಯುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ 2015ರಿಂದ ಬಿಟ್ಟಿಯಾಗಿ ಕೊಡುತ್ತಿದೆ. 90 ದಿನದ್ದು, ಸರ್ಟ್‌ಬಾಟ್ ಎಂಬ ಪ್ರೋಗ್ರಾಮ್ ಹಾಕಿಟ್ಟರೆ ತಾನೇ ರಿನ್ಯೂ ಆಗುತ್ತದೆ. ಕೈಯಲ್ಲೇ ಮಾಡ್ತೀವಿ ಅನ್ನುವವರಿಗೆ ಕಷ್ಟಕಾಲ ಹತ್ತಿರದಲ್ಲಿದೆ. 2029ರ ಮಾರ್ಚ್‌ನಿಂದ ಯಾರಿಂದ ಕೊಂಡರೂ ಸರ್ಟಿಫಿಕೇಟ್ ಅವಧಿ ಹೆಚ್ಚೆಂದರೆ 47 ದಿನ ಎಂದು ತೀರ್ಮಾನವಾಗಿದೆ.

ಶಾಲೆ, ಸಹಕಾರ ಸಂಘ, ದೇವಸ್ಥಾನದ ಸಮಿತಿಯವರು ವೆಬ್‌ಸೈಟ್ ಮಾಡಿಸುವಾಗ ಬಣ್ಣ ಯಾವುದು, ಫೋಟೊ ಎಷ್ಟು ಅಂತಲೇ ಜಾಸ್ತಿ ಚರ್ಚೆ ಮಾಡುತ್ತಾರೆ. ನಮ್ಮ ಹೆಸರು ಪಟ್ಟಿಯಿಂದ ತಪ್ಪಿದರೆ ಯಾರ ಸೈಟ್ ತೆರೆಯುತ್ತದೆ ಎಂದು ಒಮ್ಮೆ ಕೇಳಿ. ಉತ್ತರ ಕೊಡಲು ತಡವರಿಸುವವರಿಗೆ ಕೆಲಸ ಕೊಡಬೇಡಿ. ಡೊಮೇನ್ ಸಂಸ್ಥೆಯ ಹೆಸರಿನಲ್ಲೇ ಇರಲಿ, ಕಾನ್ಫಿಗರೇಷನ್ ಫೈಲಿನ ಒಂದು ಪ್ರತಿ ಕಚೇರಿಯಲ್ಲಿರಲಿ.

ಪತ್ರಿಕೆಯವರಲ್ಲೂ ಒಂದು ಕೋರಿಕೆ. ಇಂಥ ದೂರು ಬಂದಾಗ ಎಚ್ಚರಿಕೆ ಪುಟದಲ್ಲಿ ಸರ್ಟಿಫಿಕೇಟ್ ಯಾರ ಹೆಸರಿಗಿದೆ ಎಂದು ನೋಡಿ. ಅದೇ ಊರಿನ ಇನ್ನೊಂದು ಅಂಗಡಿಯ ಹೆಸರಿದ್ದರೆ, 'ಹ್ಯಾಕರ್‌ಗಳ ದಾಳಿ' ಅಂತ ಶೀರ್ಷಿಕೆ ಕೊಡುವ ಮುಂಚೆ ಸರ್ವರ್ ನೋಡಿಕೊಳ್ಳುವವರಿಗೆ ಒಂದು ಫೋನ್ ಮಾಡಿ.

ಇಂತಿ,
ನಿಮ್ಮ ಓದುಗ, ಶಿರಸಿ