ಭಾನುವಾರ ಕಾಂದೊಂಬ್ಲೆ: ಸ್ವರಲಿಪಿ ತರಬೇಡಿ

ಸದಸ್ಯರೇ, ಭಾನುವಾರ ಸಂಜೆ 5ಕ್ಕೆ ಬ್ರೆಜಿಲ್‌ನ ಬಹಿಯಾ ರಾಜ್ಯದ, ಆಫ್ರಿಕಾ ಮೂಲದ ಧರ್ಮವಾದ ಕಾಂದೊಂಬ್ಲೆಯ ತಾಳಗಳ ಅಭ್ಯಾಸ. ಆರ್ಕೆಸ್ಟ್ರಾದಲ್ಲಿ ಟಿಂಪನಿ ನುಡಿಸಿ ಪಳಗಿದವರು ಸ್ವರಲಿಪಿಯ ಹಾಳೆಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಇಲ್ಲಿ ಪಾಠವೆಲ್ಲ ಕಿವಿಯಿಂದಲೇ.

ಮೂರು ಅಟಬಾಕೆ ಡೋಲುಗಳಲ್ಲಿ ಚಿಕ್ಕವಾದ ಹುಂಪಿ ಮತ್ತು ಲೆ ಒಂದೇ ನಡೆಯನ್ನು ಬಿಡದೆ ಹಿಡಿಯುತ್ತವೆ. ದೊಡ್ಡದಾದ ಹುಂ ಮಾತ್ರ ಕುಣಿಯುವವರ ಹೆಜ್ಜೆಯನ್ನು ನೋಡಿಕೊಂಡು ವರಸೆ ಬದಲಿಸುತ್ತದೆ. ಎಲ್ಲಕ್ಕೂ ಆಧಾರ ಕಬ್ಬಿಣದ ಗಂಟೆ. ಮೊದಲು ಅದರ ಪೆಟ್ಟುಗಳನ್ನು ಕೈತಟ್ಟಿ ರೂಢಿಸಿಕೊಳ್ಳಿ. ಕಾಂದೊಂಬ್ಲೆಯ ಶಾಖೆಗಳಲ್ಲಿ ಕೆತು ಪರಂಪರೆಯವರು ತೆಳ್ಳನೆಯ ಕೋಲುಗಳನ್ನು ಬಳಸುತ್ತಾರೆ, ಅಂಗೋಲಾ ಪರಂಪರೆಯವರು ಬರಿಗೈಯಲ್ಲಿ ಬಾರಿಸುತ್ತಾರೆ. ನಾವು ಬರಿಗೈಯಿಂದ ಆರಂಭಿಸೋಣ.

ಕಾಂದೊಂಬ್ಲೆಯಲ್ಲಿ ಇವು ಪೂಜೆಗೊಂಡ ವಾದ್ಯಗಳು, ಕಂಡವರೆಲ್ಲ ಮುಟ್ಟುವಂತಿಲ್ಲ. ಹಾಗಾಗಿ ನಾಲ್ಕು ಪೆಟ್ಟು ಕಲಿತ ಕೂಡಲೇ ‘ಫ್ಯೂಷನ್’ ಪೋಸ್ಟರ್ ಹಾಕಿಸುವ ಉತ್ಸಾಹ ಬೇಡ.

ಕೊಂಗಾ ಡೋಲು ತರಬಲ್ಲವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.